ಹೊತ್ತು ತಂದ ಮುಖ

ಲೆವುಕಾ ಎಂಬ ದ್ವೀಪಪಟ್ಟಣದ ಇಗರ್ಜಿಯ ಗಡಿಯಾರ ಪ್ರತಿ ಗಂಟೆಯನ್ನೂ ಎರಡು ಸಲ ಹೊಡೆಯುತ್ತದೆ. ಒಂದು ಸಲ ಹೊಡೆದು, ಒಂದು ನಿಮಿಷ ಸುಮ್ಮನಿದ್ದು, ಮರೆತವರ ಹಾಗೆ ಮತ್ತೊಂದು ಸಲ. ಯಾಕೆ ಹೀಗೆ ಅಂತ ಪ್ರವಾಸಿಗರು ಕೇಳಿಯೇ ಕೇಳುತ್ತಾರೆ. "ಮೊದಲನೇದು ಪಾದ್ರಿಗಳಿಗೆ, ಎರಡನೇದು ನಮ್ಮಂಥ ಸೋಮಾರಿಗಳಿಗೆ," ಎನ್ನುತ್ತಾಳೆ ಸೆರುವಾಯಾ. ಅವರು ನಗುತ್ತಾರೆ. ಮೂವತ್ತು ವರ್ಷದಿಂದ ಅದೇ ಮಾತು, ಅದೇ ನಗು. ಮಾತು ಹಳಸಿ ನಾರುತ್ತಿದೆ ಅಂತ ಅವಳಿಗೂ ಗೊತ್ತು. ಆದರೆ ಹೊಟ್ಟೆಗೆ ಹಾಕುವ ಮಾತನ್ನು ಬಿಸಾಡುವುದಕ್ಕಾಗುತ್ತದೆಯೇ?

ಅರವತ್ತೊಂದು ವರ್ಷದ ಹೆಂಗಸು. ಗಟ್ಟಿ ಕಾಲು, ಅದಕ್ಕಿಂತ ಗಟ್ಟಿ ಗಂಟಲು. ಕೈಯಲ್ಲೊಂದು ಕಪ್ಪು ಕೊಡೆ. ಆ ಕೊಡೆಯ ತುದಿಯಲ್ಲಿ ಕಡಲ ದಂಡೆಯ ಕಲ್ಲನ್ನು ತಟ್ಟಿ, "ನಮ್ಮ ದೊರೆಗಳು ಇಲ್ಲೇ ನಿಂತು ಈ ದ್ವೀಪಗಳನ್ನೆಲ್ಲ ಬ್ರಿಟಿಷ್ ರಾಣಿಗೆ ಬರೆದುಕೊಟ್ಟರು. ಕೊಡೋಕೆ ಒಂದು ದಿನ ಸಾಕಾಯ್ತು, ವಾಪಸ್ ತಗೊಳ್ಳೋಕೆ ತೊಂಬತ್ತಾರು ವರ್ಷ ಹಿಡೀತು," ಎನ್ನುತ್ತಾಳೆ. ಬಿಳಿಯರ ಕಾಲದ ಮರದ ಹೋಟೆಲು, ಬೀದಿಯುದ್ದಕ್ಕೂ ಜಗಲಿಯಿರುವ ಹಳೆಯ ಅಂಗಡಿಗಳು, ಬೆಟ್ಟದ ಮೇಲಕ್ಕೆ ಹತ್ತುವ ನೂರ ತೊಂಬತ್ತೊಂಬತ್ತು ಮೆಟ್ಟಿಲು, ಎಲ್ಲವನ್ನೂ ತೋರಿಸಿ, ಸಂಜೆ ಅವರನ್ನು ಕಳಿಸಿ, ಅದೇ ಮೆಟ್ಟಿಲು ಹತ್ತಿ ಮನೆಗೆ ಹೋಗುತ್ತಾಳೆ. ಅವಳ ತಗಡಿನ ಮನೆ ಇರುವುದು ನೂರ ನಲವತ್ತನೆಯ ಮೆಟ್ಟಿಲ ಪಕ್ಕದಲ್ಲಿ. ಅಲ್ಲಿ ಅವಳ ಗಂಟಲಿಗೆ ಕೆಲಸವಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾಯಿತು ಅಂತ ಬೈಯುವುದಕ್ಕೂ ಒಬ್ಬರಿಲ್ಲ. ಎಷ್ಟೋ ಸಲ ಒಲೆ ಹಚ್ಚದೆ, ತಣ್ಣಗಿನ ಮರಗೆಣಸನ್ನು ನಿಂತೇ ತಿಂದು ಮಲಗಿಬಿಡುತ್ತಾಳೆ.

ಅವಳಿಗೆ ವಾರವೆಂದರೆ ಗುರುವಾರ. ಉಳಿದ ಆರು ದಿನ ಬರೀ ಹೊತ್ತು ಕಳೆಯುವುದು. ಗುರುವಾರ ಪ್ರವಾಸಿಗರನ್ನು ಪೆರ್ಮಲನ ಲಾರಿಯಲ್ಲಿ ಕೂರಿಸಿಕೊಂಡು ದ್ವೀಪದ ನಡುವಿನ ನಯಾಲೊ ಹಳ್ಳಿಗೆ ಕರೆದುಕೊಂಡು ಹೋಗುತ್ತಾಳೆ. ಈ ದ್ವೀಪವೇ ಒಂದು ಸತ್ತ ಜ್ವಾಲಾಮುಖಿ. ಅದರ ಬಾಯೊಳಗೆ, ತಳದಲ್ಲಿ, ಹಳ್ಳಿ ಇದೆ. ಸುತ್ತ ಬೆಟ್ಟದ ಗೋಡೆ, ಮೇಲೆ ತಟ್ಟೆಯಷ್ಟು ಆಕಾಶ. ಹೊರಗಿನವರಿಗೆ ಅದು ನೋಡುವ ಜಾಗ. ಸೆರುವಾಯಾಳಿಗೆ ತವರುಮನೆಯಾಗಬೇಕಿದ್ದ ಜಾಗ, ಆಗಲಿಲ್ಲ.

ಅವಳ ತಾಯಿ ಲೋಸಲಿನಿ ಹುಟ್ಟಿದ್ದು ನಯಾಲೊದಲ್ಲಿ. ಪಟ್ಟಣದ ದೋಣಿ ಬಡಗಿ ಆರ್ಥರನ ಜೊತೆ ಓಡಿಹೋದಳು. ಆರ್ಥರನ ಮುತ್ತಜ್ಜ ತಿಮಿಂಗಿಲ ಬೇಟೆಯ ಹಡಗಿನಿಂದ ಇಳಿದು ಇಲ್ಲೇ ಬೇರು ಬಿಟ್ಟ ಬಿಳಿಯ. ಓಡಿಹೋಗುವುದು ದೊಡ್ಡ ತಪ್ಪೇನಲ್ಲ, ಯಾವ ಊರಲ್ಲಿಲ್ಲ? ತಪ್ಪೆಂದರೆ ಮಗು ಹುಟ್ಟಿದ ಮೇಲೂ ಸುಮ್ಮನಿದ್ದದ್ದು. ಹುಟ್ಟಿದ ಕೂಸನ್ನು ತಂದೆಯ ಕಡೆಯವರು ಚಾಪೆ, ಅರೆದು ನೀರಲ್ಲಿ ಕಲಸಿ ಕುಡಿಯುವ ಯಂಗೋನ ಬೇರು, ತಿಮಿಂಗಿಲದ ಹಲ್ಲು ಸಮೇತ ತಾಯಿಯ ಊರಿಗೆ ಹೊತ್ತು ತಂದು ಮುಖ ತೋರಿಸಬೇಕು. ಹಲ್ಲನ್ನು ಸೋದರಮಾವ ಕೈಯಲ್ಲಿ ತೆಗೆದುಕೊಂಡರೆ ಕೂಸು ಆ ಊರಿನದು. ಅಲ್ಲಿಯತನಕ ಅದು ಎಷ್ಟು ಸಲ ಬಂದು ಹೋದರೂ ದಾರಿಹೋಕರ ಲೆಕ್ಕ. ಮುಖ ತಾನಾಗಿ ನಡೆದು ಬರುವ ಹಾಗಿಲ್ಲ, ಯಾರಾದರೂ ತರಬೇಕು. ಮಾವನ ಕಡೆಯವರು ಬಾಯಿಬಿಟ್ಟು ಕೇಳುವ ಹಾಗೂ ಇಲ್ಲ. ಕೇಳಿದರೆ ಅದು ಭಿಕ್ಷೆಯಾಯಿತು.

ಆರ್ಥರ್ ಹಲ್ಲನ್ನು ಕೊಂಡಿದ್ದ. ಅಂಗೈಗಿಂತ ಉದ್ದದ್ದು, ಜೇನಿನ ಬಣ್ಣದ್ದು, ತೆಂಗಿನ ನಾರಿನ ಹಗ್ಗ ಕಟ್ಟಿದ್ದು. ಮೂರು ಸಲ ಹೊರಟ, ಮೂರು ಸಲವೂ ಬೆಟ್ಟದ ನೆತ್ತಿಯಿಂದ ವಾಪಸ್ ಬಂದ. ಜೊತೆಗೆ ಬರುವ ಅಣ್ಣತಮ್ಮಂದಿರು ಇರಲಿಲ್ಲ, ಇದ್ದ ಇಬ್ಬರೂ ಸಿಡ್ನಿಗೆ ಹೋಗಿ ಕಾಗದ ಬರೆಯುವುದನ್ನೂ ಮರೆತಿದ್ದರು. ಒಬ್ಬನೇ ಹೇಗೆ ಹೋಗಿ ನಿಲ್ಲಲಿ, ನಗೆಪಾಟಲಾಗುತ್ತೆ ಅನ್ನುತ್ತಿದ್ದ. ಬರುವ ವರ್ಷ, ಬರುವ ವರ್ಷ ಎಂದು ಹತ್ತೊಂಬತ್ತು ವರ್ಷ ದೂಡಿದ. ಲೋಸಲಿನಿ ಸತ್ತಳು. ಆಮೇಲೆ ಅವನೂ ಸತ್ತ. ಹಲ್ಲು ಮಾತ್ರ ಬಟ್ಟೆ ಸುತ್ತಿಕೊಂಡು ಪೆಟ್ಟಿಗೆಯಲ್ಲಿ ಉಳಿಯಿತು. ಸೆರುವಾಯಾ ವರ್ಷಕ್ಕೊಮ್ಮೆ ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿಡುತ್ತಾಳೆ.

ಊರು ತೋರಿಸುವ ಕೆಲಸಕ್ಕೆ ಅವಳು ಸೇರಿದ್ದೇ ಈ ಗುರುವಾರಕ್ಕಾಗಿ. ಇದನ್ನು ಅವಳು ಯಾರಿಗೂ ಹೇಳಿಲ್ಲ. ಪ್ರವಾಸಿಗರ ಹೆಸರಿನಲ್ಲಾದರೂ ಅಮ್ಮ ಹುಟ್ಟಿದ ಮನೆಯೊಳಗೆ ಕಾಲಿಡಬಹುದಲ್ಲ! ಪ್ರತಿ ಗುರುವಾರ ಕಾಣಿಕೆಗೆ ಯಂಗೋನ ಬೇರಿನ ಕಟ್ಟು ಹಿಡಿದು, ಹೊರಗಿನವರು ಬರುವ ಕೆಳಬಾಗಿಲಿನಿಂದ ಒಳಗೆ ಹೋಗಿ, ಚಾಪೆಯ ಕೆಳತುದಿಯಲ್ಲಿ ಪ್ರವಾಸಿಗರ ಜೊತೆ ಕೂರುತ್ತಾಳೆ. ಮೇಲ್ತುದಿಯಲ್ಲಿ ಅವಳ ಸೋದರಮಾವ ನೆಮಾನಿ. ಎಂಬತ್ತೇಳು ವರ್ಷ. ಬೇರನ್ನು ಮುಟ್ಟಿ, "ದೂರದಿಂದ ಬಂದ ಅತಿಥಿಗಳೇ, ಅವರಿಗೆ ದಾರಿ ತೋರಿಸಿದವರೇ, ನಿಮ್ಮ ಬರವು ಸಂತೋಷ," ಎನ್ನುತ್ತಾನೆ. ದಾರಿ ತೋರಿಸಿದವರು! ಆ ಮಾತು ಪ್ರತಿ ವಾರವೂ ಅವಳ ಕರುಳಿಗೆ ಚುಚ್ಚುತ್ತದೆ. ಆಮೇಲೆ ಅವಳು ತೊಲೆ ಎಷ್ಟು ಹಳೆಯದು, ಚಾಪೆ ಹೇಗೆ ನೇಯುತ್ತಾರೆ ಅಂತ ವಿವರಿಸಿ, ಊಟ ಮಾಡಿಸಿ, ಹೊರಟುಬರುತ್ತಾಳೆ. ಮಾವ ಸೊಸೆ ನಡುವೆ ನಾಲ್ಕು ಮಾರು ಚಾಪೆ. ಮೂವತ್ತು ವರ್ಷದಲ್ಲಿ ಅದು ಒಂದು ಗೇಣೂ ಕಡಿಮೆಯಾಗಲಿಲ್ಲ.

ಆ ಶನಿವಾರ ಸಂತೆಯಲ್ಲಿ ನೆಮಾನಿಯ ಮಗನ ಹೆಂಡತಿ ವಿಕಾ ಕೆಸುವಿನ ಗಡ್ಡೆ ಮಾರುತ್ತ ಕೂತಿದ್ದಳು. ಸೆರುವಾಯಾಳನ್ನು ಕಂಡು ಕರೆದಳು.

"ರೀ, ಗುರುವಾರ ಬಂದ್ರೆ ನಿಮ್ಮ ಬಿಳಿಯರನ್ನ ಜಾಸ್ತಿ ಹೊತ್ತು ಕೂರಿಸ್ಬೇಡಿ. ಮುದುಕರು ಊಟ ಬಿಟ್ಟು ಹತ್ತು ದಿನ ಆಯ್ತು."

ಸೆರುವಾಯಾಳ ಕೈಯಲ್ಲಿದ್ದ ಗಡ್ಡೆ ಬುಟ್ಟಿಗೇ ಜಾರಿತು. "ಡಾಕ್ಟರು?"

"ಬಂದು ನೋಡಿ ಹೋದ್ರು. ವಯಸ್ಸು ಅಂದ್ರು. ವಯಸ್ಸಿಗೆ ಮಾತ್ರೆ ಎಲ್ಲಿದೆ? ಮಲಗಿದಲ್ಲೇ ಇರ್ತಾರೆ. ಗುರುವಾರ ಮಾತ್ರ ಎದ್ದು ಕೂರ್ತಾರೆ ನೋಡಿ, ಅದಕ್ಕೇ ನಿಮಗೆ ಗೊತ್ತಾಗಿಲ್ಲ. ಮಗನ ಹತ್ರ ಗಡ್ಡ ಬೋಳಿಸ್ಕೊಂಡು, ಒಗೆದ ಅಂಗಿ ಹಾಕ್ಕೊಂಡು. ಅದೇನು ಗುರುವಾರದ ಹುಚ್ಚೋ, ನಾನು ಮದುವೆಯಾಗಿ ಬಂದಾಗಿಂದ ನೋಡ್ತಿದ್ದೀನಿ."

ಸೆರುವಾಯಾ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಹತ್ತು ದಿನ ಎಂಬುದೊಂದೇ ತಲೆಯಲ್ಲಿ ಕೊರೆಯುತ್ತಿತ್ತು. ಮಾವ ಹೋದರೆ ಆ ಹಲ್ಲನ್ನು ತೆಗೆದುಕೊಳ್ಳುವ ಕೈ ಈ ಭೂಮಿಯ ಮೇಲೆ ಇನ್ನೊಂದಿಲ್ಲ. ಆಮೇಲೆ ತಾನು ಯಾರ ಮಗಳೂ ಅಲ್ಲ, ಯಾವ ಊರವಳೂ ಅಲ್ಲ. ಮನೆಗೆ ಹೋಗಿ ಪೆಟ್ಟಿಗೆ ತೆಗೆದಳು. ಹಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಕೂತು, ಎಷ್ಟೋ ವರ್ಷಗಳ ಮೇಲೆ ಬಾಯಿಬಿಟ್ಟು ಅತ್ತಳು. ಅತ್ತಿದ್ದು ದುಃಖಕ್ಕಿಂತ ಸಿಟ್ಟಿಗೆ. ಸತ್ತ ಅಪ್ಪನನ್ನು ಹೇಡಿ, ಕೈಲಾಗದವನೇ ಎಂದು ಬೈದಳು.

ಸೋಮವಾರ ಬೆಳಿಗ್ಗೆ ಹಡಗುಕಟ್ಟೆಗೆ ಹೋದಳು. ಪೆರ್ಮಲ್ ಲಾರಿಯ ಬಾನೆಟ್ ಎತ್ತಿ ಒಳಗೆ ತಲೆ ತೂರಿಸಿದ್ದ. ಅವನ ಅಜ್ಜನ ಅಪ್ಪ ಮದರಾಸಿನ ಕಡೆಯಿಂದ ಕಬ್ಬಿನ ಗದ್ದೆಯ ಕೂಲಿಗೆ ಬಂದವನು. ಇಪ್ಪತ್ತಾರು ವರ್ಷದಿಂದ ಪ್ರತಿ ಗುರುವಾರ ಅವಳು ಕೂರುವುದು ಅವನ ಪಕ್ಕದ ಸೀಟಿನಲ್ಲಿ.

"ಪೆರ್ಮಲ್, ಈ ಗುರುವಾರ ನೀನು ನನ್ನ ಹೊರಬೇಕು."

"ಯಪ್ಪಾ! ಅಕ್ಕಾ, ನನ್ನ ಸೊಂಟ ನೋಡಿದ್ದೀರಾ? ಲಾರಿಗೇ ಆಗ್ತಿಲ್ಲ. ನೀವು ಕೂತ್ರೆ ಆ ಏರಲ್ಲಿ ಫಸ್ಟ್ ಗೇರೇ ಗತಿ."

"ತಮಾಷೆ ಬೇಡ ಕಣೋ." ಅವಳು ಚೀಲದಿಂದ ಬಟ್ಟೆಯ ಗಂಟು ತೆಗೆದು ಬಿಚ್ಚಿದಳು.

ಪೆರ್ಮಲ್ ಹಲ್ಲನ್ನು ನೋಡಿದ. ಕೈ ಒರೆಸಿಕೊಂಡ, ಆದರೂ ಮುಟ್ಟಲಿಲ್ಲ. ಇದೇ ದ್ವೀಪದಲ್ಲಿ ಹುಟ್ಟಿದವನಿಗೆ ಅದೇನೆಂದು ಹೇಳಿಕೊಡಬೇಕಾಗಿರಲಿಲ್ಲ.

"ನಾನು ನಿಮ್ಮಪ್ಪನ ಕಡೆಯವನು ಅಂದ್ರೆ ಆ ಊರಿನ ನಾಯಿಗಳೂ ನಗ್ತವೆ ಅಕ್ಕಾ."

"ಸುಳ್ಳು ಹೇಳು ಅಂದ್ನಾ? ಇರೋದು ಹೇಳು. ಇವಳಿಗೆ ಯಾರೂ ಇಲ್ಲ, ಅದಕ್ಕೆ ನಾನು ತಂದೆ ಅನ್ನು. ಒಬ್ಬಳೇ ಹೋಗೋಕೆ ಬರಲ್ಲ. ಹೊತ್ತವರು ಮಾತಾಡಬೇಕು, ಮುಖ ಸುಮ್ಮನಿರಬೇಕು."

"ತಗೊಳ್ದೇ ಇದ್ರೆ? ಇದೇನು ಆಟ ಅಂತ ಎದ್ದುಬಿಟ್ರೆ?"

"ಆಮೇಲೆ ನಂಗೆ ಗುರುವಾರಾನೂ ಇಲ್ಲ," ಅಂದಳು ಸೆರುವಾಯಾ. "ಯಾವ ಮುಖ ಇಟ್ಕೊಂಡು ಆ ಬಾಗಿಲಿಗೆ ಹೋಗ್ಲಿ?"

ಪೆರ್ಮಲ್ ಬಾನೆಟ್ ಇಳಿಸಿದ. "ನಮ್ಮ ಮುತ್ತಜ್ಜನ್ನ ಹಡಗಿಂದ ಇಳಿಸಿ, ಹೆಸರು ಬರ್ಕೊಂಡು, ಗದ್ದೆಗೆ ಓಡಿಸಿದ್ರು. ಅವನ ಮುಖ ಯಾರೂ ಯಾರಿಗೂ ತೋರಿಸ್ಲಿಲ್ಲ," ಅಂದ. "ನಡೀರಿ, ತೋರಿಸಿಬಿಡೋಣ. ಆದ್ರೆ ಮಾತು ನೀವೇ ಕಲಿಸ್ಬೇಕು. ಸಂತೆಯಲ್ಲಿ ಚೌಕಾಸಿ ಮಾಡೋಷ್ಟು ಬರುತ್ತೆ, ದೊಡ್ಡವರ ಮುಂದೆ ಆಡೋ ಮಾತು ನಂಗೆಲ್ಲಿ ಬರುತ್ತೆ?"

ಮೂರು ದಿನ ಕಲಿಸಿದಳು. ಮೂರು ದಿನವೂ ಅವನು ಅದೇ ಮೂರು ಕಡೆ ಎಡವಿದ.

ಗುರುವಾರ ಬಂದ ಪ್ರವಾಸಿಗರು ಇಬ್ಬರೇ. ನ್ಯೂಜಿಲೆಂಡಿನ ನಿವೃತ್ತ ಟೀಚರ್ ಅಕ್ಕತಂಗಿಯರು. ಅಕ್ಕ ಡೊರೀನ್ ಬಾಯಿ ತೆರೆದರೆ ಪ್ರಶ್ನೆ, ತಂಗಿ ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಳ್ಳುವವಳು. ಸೆರುವಾಯಾ ಅಭ್ಯಾಸದಂತೆ ಮುಂದಿನ ಸೀಟಿಗೆ ಕೈ ಹಾಕಿದಳು.

"ಏ, ಅಲ್ಲಲ್ಲ. ಇವತ್ತು ನೀವು ಸಾಮಾನು. ಹಿಂದೆ ಕೂತ್ಕೊಳ್ಳಿ," ಅಂದ ಪೆರ್ಮಲ್. ದನಿ ತಗ್ಗಿಸಿ, "ಆ ಇಬ್ರು ಮುದುಕಿಯರೇ ನಿಮ್ಮಪ್ಪನ ಕಡೆಯವರು ಅನ್ಕೊಳ್ಳಿ. ಬಿಳಿ ಅಂತೂ ಹೌದಲ್ಲ," ಎಂದು ನಕ್ಕ. ಅವಳಿಗೆ ನಗು ಬರಲಿಲ್ಲ, ಹಿಂದಕ್ಕೆ ಹತ್ತಿ ಕೂತಳು.

ಲಾರಿ ಏರು ಹತ್ತಿ ನೆತ್ತಿಗೆ ಬಂತು. ಅಪ್ಪ ಮೂರು ಸಲ ಹಿಂದಿರುಗಿದ ಜಾಗ ಇದು. ಇಲ್ಲಿಂದ ಕೆಳಗೆ ಕುಳಿಯ ತಳದಲ್ಲಿ ಮನೆಗಳು ಕಾಣುತ್ತವೆ, ಒಲೆಯ ಹೊಗೆ ಕಾಣುತ್ತದೆ. ಎಂದೂ ಇಲ್ಲಿ ಲಾರಿ ನಿಲ್ಲಿಸಿ, ಈ ಬೆಟ್ಟ ಯಾವಾಗ ಉರಿಯಿತು, ಯಾವಾಗ ಆರಿತು ಅಂತ ಹೇಳುತ್ತಿದ್ದಳು. ಇವತ್ತು ಲಾರಿಯ ತಗಡು ತಟ್ಟಿ, ನಿಲ್ಲಿಸಬೇಡ ನಡಿ ಅಂದಳು. ಡೊರೀನ್ ಎರಡು ಸಲ ಇದು ಯಾವ ಬೆಟ್ಟ ಅಂತ ಕೇಳಿ ಬಿಟ್ಟಳು.

ಹಳ್ಳಿಯಲ್ಲಿ ಟೋಪಿ ತೆಗೆದರು, ಹೆಗಲ ಚೀಲ ಕೈಗಿಳಿಸಿದರು, ಕೆಳಬಾಗಿಲಿನಿಂದ ಒಳಗೆ ಹೋದರು. ನೆಮಾನಿ ದಿಂಬುಗಳಿಗೆ ಒರಗಿ ಕೂತಿದ್ದ. ಬೆಳ್ಳನೆ ಅಂಗಿ. ಬೋಳಿಸಿದ ಗಲ್ಲದ ಮೇಲೆ ಬ್ಲೇಡು ತಾಗಿದ ಸಣ್ಣ ಗಾಯ. ಒಂದು ವಾರದಲ್ಲಿ ಮನುಷ್ಯ ಅರ್ಧವಾಗಿದ್ದ. ಪ್ರವಾಸಿಗರ ಬೇರು ಒಪ್ಪಿಸಿದ್ದಾಯಿತು. ಅದೇ ಮಾತು, ಅದೇ ದಾರಿ ತೋರಿಸಿದವರು, ಆದರೆ ದನಿ ಮಾತ್ರ ಪಿಸುಗುಟ್ಟುವಷ್ಟು. ಆಗ ಪೆರ್ಮಲ್ ಮಂಡಿಯೂರಿ ಮುಂದೆ ಸರಿದು, ಬಟ್ಟೆ ಬಿಚ್ಚಿ, ಹಲ್ಲನ್ನು ಎರಡೂ ಕೈಯಲ್ಲಿ ಹಿಡಿದ.

ಮನೆ ತುಂಬ ಗುಜುಗುಜು ಎದ್ದು ತಟ್ಟನೆ ನಿಂತಿತು. ಬೋಗುಣಿಯಲ್ಲಿ ಯಂಗೋನ ಕಲಸುತ್ತಿದ್ದ ವಿಕಾಳ ಗಂಡನ ಕೈ ಅಲ್ಲೇ ಉಳಿಯಿತು. ನೆಮಾನಿ ಅಲುಗಲಿಲ್ಲ. ಕಣ್ಣು ಮಾತ್ರ ಹಲ್ಲಿನ ಮೇಲಿತ್ತು.

"ಹಿರಿಯರೇ," ಅಂದ ಪೆರ್ಮಲ್. "ನಾನು... ನಾನು ಇವರ ರಕ್ತದವನಲ್ಲ. ಲಾರಿಯವನು. ಇವರ ತಂದೆಯ ಕಡೆ ಯಾರೂ ಉಳಿದಿಲ್ಲ. ಅದಕ್ಕೆ ಲೋಸಲಿನಿಯವರ ಮಗಳ ಮುಖವನ್ನ... ಮುಖವನ್ನ ಈ ಮನೆಗೆ..." ಮೊದಲನೆಯ ಕಡೆ ಎಡವಿದ. ಎರಡನೆಯ ಕಡೆ ಎಡವಿದ. ಮೂರನೆಯ ಕಡೆ ಬಂದಾಗ ಮಾತೇ ಕಟ್ಟಿತು. ಹಣೆಯಿಂದ ಬೆವರು ಇಳಿಯುತ್ತಿತ್ತು, ಕೈಯಲ್ಲಿ ಹಲ್ಲು ನಡುಗುತ್ತಿತ್ತು.

ನೆಮಾನಿಯ ಕೈ ಮುಂದೆ ಬರಲಿಲ್ಲ. ಮುಗಿಯಿತು, ಎಲ್ಲ ಮುಗಿಯಿತು ಅಂದುಕೊಂಡಳು ಸೆರುವಾಯಾ.

ಆಗ ಡೊರೀನ್ ಅವಳ ತೋಳು ತಟ್ಟಿ ಮೆಲ್ಲಗೆ ಕೇಳಿದಳು: "ಏನಮ್ಮ ಇದು? ಏನು ನಡೀತಿದೆ?"

ಹಾಳು ಅಭ್ಯಾಸ! ಮೂವತ್ತು ವರ್ಷ ದುಡಿದ ಬಾಯಿ, ಒಡತಿಯನ್ನು ಕೇಳದೆ ತಾನೇ ತೆರೆದುಕೊಂಡಿತು. ಕಲ್ಲಿನ ಮುಂದೆ, ಗಡಿಯಾರದ ಮುಂದೆ ಆಡುವ ಅದೇ ಗಟ್ಟಿ ದನಿಯಲ್ಲಿ ಅವಳು ಶುರುಮಾಡಿದಳು.

"ಇದು ನಮ್ಮಲ್ಲಿ ಬಹಳ ಹಳೆಯ ಪದ್ಧತಿ. ಮಗುವನ್ನ ಮೊದಲ ಸಲ ತಾಯಿಯ ಊರಿಗೆ ಹೊತ್ತು ತಂದು ಮುಖ ತೋರಿಸ್ತಾರೆ. ಈ ಮಗುವಿನ ತಾಯಿ ಇದೇ ಮನೆಯಲ್ಲಿ ಹುಟ್ಟಿದವಳು. ಇಷ್ಟಪಟ್ಟವನ ಜೊತೆ ಹೋದಳು. ಅವನು ಹಲ್ಲು ಕೊಂಡಿಟ್ಟ, ತರೋಕೆ ಧೈರ್ಯ ಸಾಲಲಿಲ್ಲ. ತಾಯಿ ಸಾಯೋ ದಿನ ಬೆಟ್ಟದ ಕಡೆ ಕಿಟಕಿ ತೆಗೆದಿಡು ಅಂದಳು. ಅಲ್ಲಿಂದ ಈ ಊರು ಕಾಣಲ್ಲ, ಆದರೂ ತೆಗೆಸಿದಳು. ಮಗು ಒಂದೇ. ಅದಕ್ಕೆ ಅಣ್ಣತಮ್ಮ ಯಾರೂ ಇಲ್ಲ. ಅದು ಪ್ರತಿ ವಾರ ಬಂದು ಈ ಬಾಗಿಲ ಹತ್ರ ಕೂತು... ಕೂತು..."

ಆಗ ಅವಳಿಗೆ ತಾನೇನು ಮಾಡಿದೆ ಎಂದು ಗೊತ್ತಾಯಿತು. ಮನೆಯೆಲ್ಲ ಅವಳನ್ನೇ ನೋಡುತ್ತಿತ್ತು. ಮುಖ ಸುಮ್ಮನಿರಬೇಕು ಅಂತ ಪೆರ್ಮಲನಿಗೆ ಹೇಳಿದ್ದು ಇದೇ ಬಾಯಿ! ತನ್ನ ಕೈಯಾರೆ ತಾನೇ ಹಾಳುಮಾಡಿಕೊಂಡೆನಲ್ಲ ಎಂದು ಅವಳು ಚಾಪೆಗೆ ಹಣೆ ಹಚ್ಚಿದಳು.

"ಏ! ಬಾಯಿ ಮುಚ್ಚೇ!"

ನೆಮಾನಿ. ಆ ಒಣಗಿದ ಎದೆಯಿಂದ ಅಷ್ಟು ದೊಡ್ಡ ದನಿ ಬರುತ್ತದೆಂದು ಯಾರೂ ಎಣಿಸಿರಲಿಲ್ಲ.

"ಹೊತ್ತು ತಂದ ಕೂಸು ಎಲ್ಲಾದ್ರೂ ಮಾತಾಡುತ್ತಾ? ನಿಮ್ಮಮ್ಮನೂ ಹೀಗೇ. ದೊಡ್ಡವರು ಮಾತಾಡೋವಾಗ ನಡುವೆ ಬಾಯಿ ಹಾಕ್ತಿದ್ಲು." ಮುದುಕ ಕೆಮ್ಮಿದ, ಉಸಿರು ಹಿಡಿದು ಪೆರ್ಮಲನ ಕಡೆ ಕೈ ಚಾಚಿದ. "ಕೊಡಯ್ಯ ಇತ್ತ. ಸಾಯ್ತಿರೋದು ನಾನು, ನಡುಗ್ತಿರೋದು ನೀನು."

ಕೂಸು ಅಂದನೇ? ಅಂದನು. ಅವಳು ತಲೆ ಎತ್ತುವ ಹೊತ್ತಿಗೆ ಹಲ್ಲು ಮಾವನ ಕೈಯಲ್ಲಿತ್ತು. ಅವನು ಅದನ್ನು ಮೂಗಿಗೆ ಒತ್ತಿ, ಕಣ್ಣುಮುಚ್ಚಿ ದೀರ್ಘವಾಗಿ ಮೂಸಿದ. ಒಪ್ಪಿಕೊಂಡ ಗುರುತಿಗೆ ಮನೆಯವರೆಲ್ಲ ಅಂಗೈ ಬಾಗಿಸಿ ಮೂರು ಸಲ ಚಪ್ಪಾಳೆ ತಟ್ಟಿದರು.

"ಯಾಕೆ ಇಷ್ಟು ತಡ ಮಾಡಿದೆ?" ಎಂದ ನೆಮಾನಿ. ಈಗ ದನಿ ಮತ್ತೆ ಸಣ್ಣಗಾಗಿತ್ತು. "ಮೂವತ್ತು ವರ್ಷ ಪ್ರತಿ ಗುರುವಾರ ಗಡ್ಡ ಬೋಳಿಸ್ಕೊಂಡು ಕೂತಿದ್ದೀನಿ. ಈ ವಾರ ತರ್ತಾರೆ, ಈ ವಾರ ತರ್ತಾರೆ ಅಂತ. ನೀನು ಬರ್ತಿದ್ದೆ, ಬಿಳಿಯರಿಗೆ ತೊಲೆ ತೋರಿಸ್ತಿದ್ದೆ, ಹೋಗ್ತಿದ್ದೆ."

"ಒಂದು ಸಲ ಕರೀಬಹುದಿತ್ತಲ್ಲ ಮಾವಾ!"

"ಕರೆಯೋದು ನಮಗೆ ಬರಲ್ಲ ಕಣೇ. ನಮ್ಮ ಕಡೆಯವರು ಕಾಯಬೇಕು, ಅಷ್ಟೇ."

ಸೆರುವಾಯಾಳಿಗೆ ಅಲ್ಲೇ ಎದ್ದು ಕೂಗಬೇಕೆನ್ನಿಸಿತು. ಇಬ್ಬರೂ ಒಂದೇ ಚಾಪೆಯ ಎರಡು ತುದಿಯಲ್ಲಿ ಕೂತು, ಒಬ್ಬರು ಬರಲಿ ಅಂತ ಇನ್ನೊಬ್ಬರು, ಇಡೀ ಆಯುಷ್ಯ ಸುಟ್ಟುಕೊಂಡರಲ್ಲ! ಯಾರನ್ನು ಬೈಯುವುದು? ಅಪ್ಪನನ್ನೋ, ಪದ್ಧತಿಯನ್ನೋ, ಪೆಟ್ಟಿಗೆಯಲ್ಲಿ ಹಲ್ಲಿಟ್ಟುಕೊಂಡೂ ಒಬ್ಬ ಲಾರಿಯವನನ್ನು ಕೇಳುವುದಕ್ಕೆ ಇಪ್ಪತ್ತಾರು ವರ್ಷ ತೆಗೆದುಕೊಂಡ ತನ್ನನ್ನೋ?

"ಮೇಲಕ್ಕೆ ಬಾ," ಎಂದ ಮಾವ.

ನಾಲ್ಕು ಮಾರು ಚಾಪೆಯನ್ನು ಅವಳು ಮಂಡಿಯ ಮೇಲೆ ದಾಟಿದಳು. ಅವನು ಅವಳ ನೆತ್ತಿಗೆ ಮೂಗು ಒತ್ತಿದ. ಅವನ ಮೈಯಿಂದ ಗಡ್ಡದ ಸೋಪಿನ ವಾಸನೆ ಬರುತ್ತಿತ್ತು.

ಮಧ್ಯಾಹ್ನ ಪೆರ್ಮಲ್ ಅಕ್ಕತಂಗಿಯರನ್ನು ಕರೆದುಕೊಂಡು ಹೋದ. ಸೆರುವಾಯಾ ಹೋಗಲಿಲ್ಲ. ವಿಕಾ ಅವಳ ಮುಂದೆ ಕೆಸುವಿನ ಗಡ್ಡೆಯ ಬುಟ್ಟಿ ತಂದಿಟ್ಟಳು. "ಅಯ್ಯೋ, ಇಷ್ಟು ದಪ್ಪ ಸಿಪ್ಪೆ ತೆಗೆದ್ರೆ ತಿನ್ನೋಕೇನು ಉಳಿಯುತ್ತೆ? ಒಂಟಿಯಾಗಿದ್ದು ಕೈ ದುಂದಾಗಿದೆ ನಿಮಗೆ," ಎಂದು ಬೈದಳು. ಸೆರುವಾಯಾ ತಲೆಬಗ್ಗಿಸಿ ಸಿಪ್ಪೆಯನ್ನು ತೆಳ್ಳಗೆ ತೆಗೆಯತೊಡಗಿದಳು.

ಆರು ದಿನ ಸಿಕ್ಕಿತು. ಆರು ದಿನ ಮಾವ ಕಣ್ಣುಮುಚ್ಚಿಕೊಂಡೇ ಅವಳ ಅಮ್ಮನ ಕತೆ ಹೇಳಿದ. ಯಾವ ಮರದಿಂದ ಬಿದ್ದಳು, ಯಾವ ಹೊಳೆಯಲ್ಲಿ ಸೀಗಡಿ ಹಿಡಿದಳು, ಯಾವ ದಾರಿಯಲ್ಲಿ ಓಡಿಹೋದಳು. ಬುಧವಾರ ನಸುಕಿನಲ್ಲಿ ಕತೆ ನಡುವೆಯೇ ನಿಂತಿತು.

ಗುರುವಾರ ಮಗ ಸೋಪು, ಬ್ಲೇಡು ತಂದು ಅಪ್ಪನ ಗಡ್ಡ ಬೋಳಿಸಿದ. ಸುತ್ತಲಿನ ಹಳ್ಳಿಗಳಿಂದ ಜನ ಗುಂಪುಗುಂಪಾಗಿ ಚಾಪೆ, ಬೇರು ಹೊತ್ತು ಬಂದರು. ಮನೆಯವರು ಮೇಲ್ತುದಿಯಲ್ಲಿ ಕಪ್ಪು ಬಟ್ಟೆಯುಟ್ಟು ಕೂತಿದ್ದರು. ಅವರ ನಡುವೆ ಸೆರುವಾಯಾ.

ಮಧ್ಯಾಹ್ನದ ಹೊತ್ತಿಗೆ ಕೆಳಬಾಗಿಲಲ್ಲಿ ಪೆರ್ಮಲ್ ಕಾಣಿಸಿಕೊಂಡ. ಒಬ್ಬನೇ ಬಂದಿದ್ದ. ತಲೆ ಬಾಚಿದ್ದ, ಕಂಕುಳಲ್ಲಿ ಬೇರಿನ ಕಟ್ಟು. ಅಭ್ಯಾಸಬಲದಿಂದ ಅವಳಿಗಾಗಿ ಬಾಗಿಲ ಪಕ್ಕ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ತಲೆ ಎತ್ತಿ ಚಾಪೆಯ ಆಚೆ ತುದಿಯಲ್ಲಿ ಅವಳನ್ನು ಕಂಡ. ಮಂಡಿಯೂರಿ, ಬೇರನ್ನು ಮುಂದಿಟ್ಟು, ದುಃಖದ ಮನೆಯಲ್ಲಿ ಆಡಬೇಕಾದ ಮಾತು ಶುರುಮಾಡಿದ. ಮೂರು ಕಡೆ ಎಡವಿದ. ಪ್ರತಿ ಸಲವೂ ಅವಳ ಬಾಯಿಗೆ ಸರಿಯಾದ ಮಾತು ಬಂತು, ಅವಳು ನುಂಗಿಕೊಂಡಳು. ಅವನು ತಾನೇ ತಡವರಿಸಿ ಮುಗಿಸಿದ ಮೇಲೆ, ಮನೆಯವರೆಲ್ಲರ ಜೊತೆ ಅವಳೂ ಅಂಗೈ ಬಾಗಿಸಿ ಮೂರು ಸಲ ಚಪ್ಪಾಳೆ ತಟ್ಟಿದಳು.